ಭಂಡಾರ ಮುಟ್ಟಿಸಿ ಬಿಡಿಸಿದ ಸಕ್ಕರೆ

ಕೋವಿಡ್ ಗದ್ದಲ ಅಡಗಿದ ಮರುವರ್ಷದ ಮಾತು. ಆಗ ನಾನು ತೆಲಂಗಾಣ ಗಡಿಯ ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರು ಊರುಗಳ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಸುತ್ತುವ ಅನಸ್ತೀಸಿಯಾ ಡಾಕ್ಟರ್ ಆಗಿದ್ದೆ. ಈಗಲೂ ಅದೇ. ಸರ್ಜನ್‌ಗಾದರೆ ಒಂದು ಊರು, ಒಂದು ಬೋರ್ಡು ಇರುತ್ತದೆ. ನನ್ನಂಥವನಿಗೆ ಒಂದು ಕಾರು, ಡಿಕ್ಕಿಯಲ್ಲಿ ಒಂದು ಔಷಧದ ಪೆಟ್ಟಿಗೆ. ಫೋನ್ ಎಲ್ಲಿಂದ ಬಂತೋ ಅತ್ತ ಓಟ. ರೋಗಿಗೆ ಮತ್ತು ಬರಿಸಿ, ಆಪರೇಷನ್ ಮುಗಿಯುವ ತನಕ ಅವನ ಉಸಿರು ಕಾದು, ಎಚ್ಚರ ಮಾಡಿಸಿ ಕಳಿಸುವುದು ನನ್ನ ಕೆಲಸ. ಗುಣವಾದವರು ಸರ್ಜನ್‌ಗೆ ಕೈಮುಗಿಯುತ್ತಾರೆ. ನನ್ನ ಮುಖ ಯಾರಿಗೂ ನೆನಪಿರುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಮೊದಲ ಗುಣ ಹೆದರಿಕೆ. ಅದು ನನಗೆ ಹುಟ್ಟಿನಿಂದಲೇ ಬಂದಿದೆ. ಕಾರಿನಲ್ಲಿ ಸ್ಟೆಪ್ನಿ ಇದ್ದರೆ ಸಾಲದು, ಆ ಸ್ಟೆಪ್ನಿಯೂ ಪಂಕ್ಚರ್ ಆದರೆ ಏನು ಗತಿ ಎಂದು ಯೋಚಿಸುವವನು ನಾನು. ನನ್ನ ಡ್ರೈವರ್ ಖಾಜಾ ಇದಕ್ಕೆ ನಕ್ಕು ನಕ್ಕು ಸಾಕಾಗಿ ಈಗ ನಗುವುದನ್ನೇ ಬಿಟ್ಟಿದ್ದಾನೆ. ಆಪರೇಷನ್‌ಗೆ ಮೊದಲು ರೋಗಿಯನ್ನು ತಪಾಸಣೆ ಮಾಡಿ, ಇವನಿಗೆ ಮತ್ತು ಕೊಡಬಹುದು ಅಥವಾ ಕೊಡಬಾರದು ಎಂದು ಹೇಳುವ ಅಧಿಕಾರ ನನ್ನದು. ಇದಕ್ಕೆ ಫಿಟ್‌ನೆಸ್ ಕೊಡುವುದು ಎನ್ನುತ್ತಾರೆ. ಆಗ ನನ್ನ ತೂಕ ತೊಂಬತ್ತಾರು ಕಿಲೋ. ಮೆಟ್ಟಿಲು ಹತ್ತಿ ಬಂದವನು ಎರಡು ನಿಮಿಷ ಏದುಸಿರು ಬಿಟ್ಟು, ಆಮೇಲೆ ಇನ್ನೊಬ್ಬರ ಫಿಟ್‌ನೆಸ್ ನೋಡುತ್ತಿದ್ದೆ. ಮೂರು ಊರಿನ ಮೂರು ಹೋಟೆಲಿನವರಿಗೂ ನನ್ನ ಚಹಾಕ್ಕೆ ಸಕ್ಕರೆ ಎಷ್ಟೆಂದು ಗೊತ್ತಿತ್ತು. ಇನ್ನು ಸಂಜೆಯ ವಿಷಯ. ಕೆಲಸವಿಲ್ಲದ ದಿನ ಮಕ್ತಲ್ ದಾಟಿದ ಮೇಲೆ ಈಚಲ ವನದ ಹತ್ತಿರ ಕಾರು ತಾನಾಗಿಯೇ ನಿಧಾನವಾಗುತ್ತಿತ್ತು. ಅಲ್ಲಿ ಸಿಗುವ ಸೇಂದಿ ಮದ್ಯವಲ್ಲ, ಮರದ ನೀರು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಡಾಕ್ಟರ್ ಹೇಳಿದ ಮೇಲೆ ನಂಬಲೇಬೇಕಲ್ಲ.

ಮಾಳಪ್ಪ ನಾರಾಯಣಪೇಟೆಯ ನರ್ಸಿಂಗ್ ಹೋಮಿಗೆ ಬಂದದ್ದು ಚಳಿಗಾಲದಲ್ಲಿ. ನಾರ್ವದ ಕಡೆಯ ಹಳ್ಳಿಯವನು, ಕುರಿ ವ್ಯಾಪಾರಿ, ವಯಸ್ಸು ನನ್ನಷ್ಟೇ. ಅವನ ತಂದೆ ಕುರಿ ಹಿಂದೆ ನಡೆದೂ ನಡೆದೂ ಕಡ್ಡಿಯಾಗಿದ್ದನಂತೆ. ಇವನು ಕುರಿಗಳನ್ನು ಗಾಡಿಗೆ ಹೇರಿ, ಮುಂದಿನ ಸೀಟಿನಲ್ಲಿ ಕೂತು ಸಂತೆಯಿಂದ ಸಂತೆಗೆ ಹೋಗುವವನು. ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು, ಕುದುರಿದರೆ ಚಹಾ, ಸಂಜೆ ಸೇಂದಿ. ಹೀಗೆ ನೂರಾ ಎರಡು ಕಿಲೋ ಆಗಿದ್ದ. ಕೊಬ್ಬಿದ ಟಗರೊಂದನ್ನು ಗಾಡಿಗೆ ಎತ್ತುವಾಗ ಹೊಕ್ಕಳ ಹತ್ತಿರ ಏನೋ ಹರಿದಂತಾಗಿ, ಅಲ್ಲೊಂದು ಗಂಟು ಎದ್ದಿತ್ತು. ಇದು ಹರ್ನಿಯಾ. ಹೊಟ್ಟೆಯ ಗೋಡೆಯಲ್ಲಿ ಬಿರುಕು ಬಿಟ್ಟು ಒಳಗಿನ ಕರುಳು ಹೊರಗೆ ಇಣುಕುತ್ತದೆ. ಒಳಗೆ ಹೋಗಿ ಬಂದು ಮಾಡುವ ತನಕ ದೊಡ್ಡ ಭಯವಿಲ್ಲ. ಒಮ್ಮೆ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಬರುತ್ತದೆ.

ಸರ್ಜನ್ ಮರುವಾರವೇ ಮಾಡೋಣ ಎಂದರು. ನಾನು ಒಪ್ಪಲಿಲ್ಲ. ದೊಡ್ಡ ಹೊಟ್ಟೆ ಎದೆಯನ್ನು ಒತ್ತಿದರೆ ಮಲಗಿದವನಿಗೆ ಉಸಿರು ಸಾಲದು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಗಾಯ ಕೂಡುವುದಿಲ್ಲ. ಕುಡಿಯುವವರ ಲಿವರ್ ನಮ್ಮ ಔಷಧಿಗಳ ಲೆಕ್ಕವನ್ನೇ ತಪ್ಪಿಸುತ್ತದೆ. ಮಾಳಪ್ಪನಿಗೆ ಈ ಮೂರೂ ಇದ್ದವು. ಕುಡಿತ ಬಿಟ್ಟ ದಿನ ಕೈ ನಡುಗುತ್ತದೆಯೇ, ಬೆವರುತ್ತದೆಯೇ ಎಂದು ಕೇಳಿದೆ. ಹಾಗಿದ್ದರೆ ಆಸ್ಪತ್ರೆಯಲ್ಲಿಟ್ಟೇ ಬಿಡಿಸಬೇಕಾಗುತ್ತದೆ. ಅಂಥದ್ದೇನೂ ಇರಲಿಲ್ಲ. ಸಕ್ಕರೆಗೆ ಮಾತ್ರೆ ಬರೆಸಿ, ಹದಿನೈದು ಕಿಲೋ ಇಳಿಸಿಕೊಂಡು ಬಾ, ಅಲ್ಲಿಯ ತನಕ ಫಿಟ್‌ನೆಸ್ ಇಲ್ಲ ಎಂದೆ.

"ಕಮ್ಮಿ ಮಾಡ್ತೀನ್ರಿ ಸಾರ್," ಎಂದ.

ಕಮ್ಮಿ ಮಾಡುತ್ತೇನೆ ಎನ್ನುವ ಮಾತಿನ ಬೆಲೆ ನನಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸೋಮವಾರ ನಾನೂ ಅದನ್ನೇ ಹೇಳುತ್ತಿದ್ದೆ. ಮಾಳಪ್ಪನ ಹಣೆಯ ಮೇಲೆ ಭಂಡಾರ ಇತ್ತು. ಬೀರಪ್ಪನಿಗೂ ಮೈಲಾರನಿಗೂ ನಡೆದುಕೊಳ್ಳುವ ಮನೆತನದವರು ಹಚ್ಚಿಕೊಳ್ಳುವ ಅರಿಶಿನ ಅದು. ಸೊಂಟದಲ್ಲಿ ಅದರ ಸಣ್ಣ ಚೀಲವೂ ಇತ್ತು. ಭಂಡಾರ ಮುಟ್ಟಿ ಆಡಿದ ಮಾತನ್ನು ಅವರು ಮುರಿಯುವುದಿಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳುವವನೂ ಭಂಡಾರದ ಮುಂದೆ ಹೇಳಲಾರ. ನನಗೆ ದೇವರ ಮೇಲೆ ಅಂಥ ನಂಬಿಕೆಯೇನಿಲ್ಲ. ಆದರೆ ಈ ಉಪಾಯವನ್ನು ಹಿಂದೆ ಇಬ್ಬರ ಮೇಲೆ ಬಳಸಿದ್ದೆ. ಬೀಡಿ ಬಿಟ್ಟಿದ್ದರು. ನಾನು ಬರೆದ ಯಾವ ಮಾತ್ರೆಯೂ ಅಷ್ಟು ಕೆಲಸ ಮಾಡಿದ್ದಿಲ್ಲ.

"ಹಂಗಲ್ಲ ಮಾಳಪ್ಪ. ಭಂಡಾರ ಮುಟ್ಟಿ ಹೇಳು. ಆಪರೇಷನ್ ಆಗೋತನಕ ಒಂದ್ ಚಿಟಿಕಿ ಸಕ್ಕರಿ, ಒಂದ್ ಹನಿ ಸೇಂದಿ ಬಾಯಾಗ ಹಾಕಾಂಗಿಲ್ಲ. ಯಾರ ಕೊಡಲಿ."

ಅವನ ಹೆಂಡತಿ ಲಚ್ಚಮ್ಮ ಬಾಗಿಲ ಹತ್ತಿರ ನಿಂತಿದ್ದಳು. "ಸಾರ್, ಇವ್ರು ಆಣಿ ಇಟ್ರ ಇಟ್ಟಂಗ ನೋಡ್ರಿ. ಆಮ್ಯಾಲ ದೇವ್ರು ಬಂದ್ರೂ ಕೇಳಾಂಗಿಲ್ಲ."

"ಅದಾ ಬೇಕಾಗೈತಮ್ಮ," ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ನಾಲಿಗೆ ಸುಮ್ಮನಿರಲಿಲ್ಲ. "ನಾನೂ ಎಲ್ಲಾ ಬಿಟ್ಟೀನಿ ನೋಡು," ಎಂದು ಸೇರಿಸಿದೆ. ಮಾಳಪ್ಪ ನನ್ನ ಅಂಗಿಯ ನಡುವಿನ ಗುಂಡಿಯನ್ನು ಒಮ್ಮೆ ನೋಡಿದ. ಪಾಪ, ಅದು ಹೇಗೋ ದಾರ ಹಿಡಿದುಕೊಂಡು ನಿಂತಿತ್ತು. ಆಮೇಲೆ ಚೀಲ ಬಿಚ್ಚಿ ಭಂಡಾರ ಮುಟ್ಟಿ ಆಣೆ ಇಟ್ಟ.

ಮುಂದಿನ ಮೂರು ತಿಂಗಳು ಅವನು ತಿಂಗಳಿಗೊಮ್ಮೆ ಬಂದ. ಬಂದಾಗಲೆಲ್ಲ ತೂಕ ಇಳಿದಿರುತ್ತಿತ್ತು. ಸಂತೆಯಲ್ಲಿ ಗೆಳೆಯರು ಬಿಡುತ್ತಿರಲಿಲ್ಲವಂತೆ. "ಮಾಳಪ್ಪ ಡಾಕ್ಟರನ ಮನಿ ಸೊಸಿ ಆಗ್ಯಾನೋ, ಅತ್ತಿ ಕೇಳಿ ಚಾ ಕುಡೀತಾನ," ಎಂದು ಕಾಡುತ್ತಿದ್ದರಂತೆ. ಸಕ್ಕರೆ ಇಲ್ಲದ ಚಹಾ ಹೇಗಿರುತ್ತದೆ ಎಂದು ಕೇಳಿದೆ. "ಕುರಿ ಮಿಂದ ನೀರು ಇದ್ದಂಗ ಇರ್ತೈತ್ರಿ. ನಿಮಗ ಗೊತ್ತಿರಬೇಕಲ್ಲ," ಎಂದ. ನಾನು ಅವನ ಬಿ.ಪಿ. ಮತ್ತೊಮ್ಮೆ ನೋಡಿದೆ. ಅದರ ಅಗತ್ಯವೇನೂ ಇರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಮಕ್ತಲ್‌ನಲ್ಲಿ ಒಂದು ಹೆರಿಗೆ ಆಪರೇಷನ್ ಮುಗಿಸಿ ಕೈ ತೊಳೆಯುತ್ತಿದ್ದಾಗ ಲಚ್ಚಮ್ಮನ ಫೋನ್ ಬಂತು. ಹಿಂದೆ ಯಾರೋ ಅಳುವ ಸದ್ದು.

"ಸಾರ್, ಮಗಳ ನಿಶ್ಚಯ ಮುರ್ಯಾಕತ್ತೈತ್ರಿ. ಬೀಗ್ರು ಊಟ ಬಿಟ್ಟು ಎದ್ದು ಹೋಗ್ಯಾರ. ಗುಡಿ ಕಟ್ಟಿ ಮ್ಯಾಲ ಕುಂತಾರ. ಗಾಡಿ ಬಂತಂದ್ರ ಗದ್ವಾಲಕ್ಕ ಹೊಂಟು ಹೋಗ್ತಾರ್ರಿ."

"ನಾನೇನ್ ಮಾಡ್ಲೆಮ್ಮ ಅದಕ್ಕ?"

"ನೀವು ಹಾಕಿದ ಗಂಟು ನೀವಾ ಬಂದು ಬಿಚ್ರಿ," ಎಂದು ಫೋನ್ ಇಟ್ಟಳು.

ಖಾಜಾ ಕಾರು ಓಡಿಸಿದ. ದಾರಿಯುದ್ದಕ್ಕೂ ನಾನು ಹಿಂದಿನ ಸೀಟಿನಲ್ಲಿ ಕೂತು, ಆಗಬಹುದಾದ ಅನಾಹುತಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದೆ. ಊರ ಅಗಸಿ ಬಾಗಿಲ ಹತ್ತಿರ ಲಚ್ಚಮ್ಮ ಕಾಯುತ್ತಿದ್ದಳು. ಆದದ್ದು ಏನೆಂದು ಅವಳ ಬಾಯಿಂದ ತಿಳಿಯಿತು.

ಅವರಲ್ಲಿ ಸಂಬಂಧ ಕೂಡುವಾಗ ಹುಡುಗನ ಕಡೆಯ ಹಿರಿಯನೂ ಹುಡುಗಿಯ ತಂದೆಯೂ ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಬೇಕು. ಆಮೇಲೆ ಒಂದೇ ಗಡಿಗೆಯ ಸೇಂದಿಯನ್ನು ಇಬ್ಬರೂ ಕುಡಿಯಬೇಕು. ಅಲ್ಲಿಗೆ ಮಾತು ಪಕ್ಕಾ. ತಿನ್ನದಿದ್ದರೆ, ಕುಡಿಯದಿದ್ದರೆ ಸಂಬಂಧ ಬೇಡ ಎಂದರ್ಥ. ಬಾಯಿಬಿಟ್ಟು ಬೇಡ ಎನ್ನುವುದಕ್ಕಿಂತ ದೊಡ್ಡ ಅವಮಾನ ಅದು. ಹುಡುಗನ ಅಜ್ಜ ಸವಾರಪ್ಪ ನೆರೆದ ಮಂದಿಯ ಮುಂದೆ ಸಕ್ಕರೆ ಹಿಡಿದ ಕೈಯನ್ನು ಮಾಳಪ್ಪನ ಬಾಯಿಯ ತನಕ ಒಯ್ದಿದ್ದಾನೆ. ಮಾಳಪ್ಪ ತುಟಿ ಬಿಚ್ಚಿಲ್ಲ. ಮುಂಚೆಯೇ ಯಾಕೆ ಹೇಳಲಿಲ್ಲ ಎಂದರೆ, ಮಗಳ ನಿಶ್ಚಯಕ್ಕೆ ಮೊದಲು ಮನೆಯ ಗಂಡಸಿನ ರೋಗದ ಸುದ್ದಿ ಬೀಗರ ಕಿವಿಗೆ ಯಾರು ಹಾಕುತ್ತಾರೆ? ಆ ಹೊತ್ತಿಗೆ ಹೇಗೋ ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದ. ತಪ್ಪಿಸಿಕೊಳ್ಳಲಾಗಲಿಲ್ಲ. ಆಮೇಲೆ ಆಣೆಯ ಮಾತು ಎತ್ತಿದರೆ ಬೀಗರು ಅದನ್ನು ನೆಪ ಎಂದರು.

ಮಾಳಪ್ಪ ಚಪ್ಪರದ ಕೆಳಗೆ ಒಬ್ಬನೇ ಕೂತಿದ್ದ. ಹೊಸ ಅಂಗಿ ಜೋತಾಡುತ್ತಿತ್ತು. ಅವನನ್ನು ಕರೆದುಕೊಂಡು ಗುಡಿಯ ಕಟ್ಟೆಗೆ ಹೋದೆ. ನನ್ನ ತಲೆಯಲ್ಲಿ ಉಪಾಯ ಸಿದ್ಧವಾಗಿತ್ತು. ಎಲ್ಲರಿಗೂ ಕೇಳುವಂತೆ ಹೇಳಿದೆ. "ಮಾಳಪ್ಪ, ಡಾಕ್ಟರ್ ನಾನಾ ಹೇಳಾಕತ್ತೀನಿ. ಒಂದ್ ಚಿಟಿಕಿ ಸಕ್ಕರಿ, ಒಂದ್ ಗುಟುಕು ಸೇಂದಿಗೆ ಏನೂ ಆಗಾಂಗಿಲ್ಲ. ಇವತ್ತೊಂದಿನ ತಗೋ."

ಮಾಳಪ್ಪ ನನ್ನ ಮುಖವನ್ನೇ ನೋಡಿದ. ಕೋಪವಿರಲಿಲ್ಲ. ಲೆಕ್ಕ ತಪ್ಪಿದವನ ಹಾಗೆ ಕೇಳಿದ.

"ಏನೂ ಆಗಾಂಗಿಲ್ಲೇನ್ರಿ? ಹಂಗಾರ ಅವತ್ತು ಭಂಡಾರ ಯಾಕ ಮುಟ್ಟಿಸಿದ್ರಿ?"

ಉತ್ತರ ನನಗೆ ಗೊತ್ತಿತ್ತು. ಕಮ್ಮಿ ಮಾಡು ಎಂದರೆ ನೀನು ಮಾಡುವುದಿಲ್ಲ, ಯಾಕೆಂದರೆ ನಾನು ಮಾಡಿಲ್ಲ. ಈ ಮಾತನ್ನು ನಲವತ್ತು ಜನರ ಮುಂದೆ ಹೇಳುವ ಧೈರ್ಯ ಬರಲಿಲ್ಲ. "ಭದ್ರ ಇರಲಿ ಅಂತ..." ಎಂದೇನೋ ತೊದಲಿದೆ.

"ನಿಮಗ ಭದ್ರ ಆತು. ನನ್ನ ದೇವ್ರಿಗೆ ನಾನೇನ್ ಹೇಳ್ಲಿ? ಡಾಕ್ಟರ್ ಚಾಷ್ಟಿಗೆ ಆಣಿ ಹಾಕಿಸಿದ್ರು ಅಂತ ಹೇಳ್ಲೇನ್ರಿ?" ಮನೆಯ ಕಡೆ ಕೈ ತೋರಿಸಿ, "ಮಗಳು ಒಳಗ ಅಳಾಕತ್ತಾಳ್ರಿ. ಆದ್ರೂ ಆಗಾಂಗಿಲ್ಲ," ಎಂದ.

ಕಟ್ಟೆಯ ಮೇಲೆ ನಡುವೆ ಕೂತಿದ್ದ ಸವಾರಪ್ಪ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಒಣಕಲು ಮುದುಕ, ದೊಡ್ಡ ರುಮಾಲು. ನಾನು ಅವನ ಕಡೆ ತಿರುಗಿ, ಹರ್ನಿಯಾ ಅಂದರೇನು, ಹೊಟ್ಟೆ ಯಾಕೆ ಇಳಿಯಬೇಕು, ಸಕ್ಕರೆ ಗಾಯವನ್ನು ಹೇಗೆ ಕೆಡಿಸುತ್ತದೆ ಎಂದು ವಿವರಿಸಿದೆ. ಬೇಡವೆಂದು ಬಾಯಿ ಮುಚ್ಚಿದ್ದಲ್ಲ, ಆಣೆಗಾಗಿ ಮುಚ್ಚಿದ್ದು ಎಂದೆ. ಅವನು ತಲೆಯಾಡಿಸುತ್ತ ಪೂರ್ತಿ ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೋಟ ನಡುವಿನಲ್ಲಿ ನಿಂತಿತು. ಗದ್ವಾಲದ ಕಡೆಯವರಿಗೆ ಬಾಯಿ ತೆರೆದರೆ ತೆಲುಗು ಮೊದಲು.

"ಮರಿ ಮೀದಿ?" ಎಂದ. ಮತ್ತೆ ನಿಮ್ಮದು, ಎಂದು.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಬೆಳಗಿನಿಂದ ಯಾರೂ ನಕ್ಕಿರಲಿಲ್ಲ ಎಂದು ಕಾಣುತ್ತದೆ. ನನ್ನ ಹೊಟ್ಟೆಯಿಂದ ಅಷ್ಟಾದರೂ ಉಪಕಾರವಾಯಿತು. ನಗು ನಿಂತ ಮೇಲೆ ಸವಾರಪ್ಪ ಕನ್ನಡಕ್ಕೆ ಹೊರಳಿದ.

"ಆಣಿ ಮುರೀ ಅಂತ ನಾನೂ ಹೇಳಾಂಗಿಲ್ರಿ. ಆಣಿ ಮುರದಾವನ ಮನಿ ಹುಡುಗಿ ನನಗೂ ಬ್ಯಾಡ. ಆದ್ರ ಸಕ್ಕರಿ ಹಿಡದ ಕೈ ಖಾಲಿ ಹಿಂದಕ್ಕ ಬರಬಾರ್ದು. ಆಣಿ ಹಾಕಿಸಿದಾವ್ರು ಯಾರು? ನೀವು. ಹಂಗಾರ ಅವನ ಪಾಲಿಂದು ನೀವು ತಿನ್ರಿ, ನೀವು ಕುಡೀರಿ. ಮಾತು ಪಕ್ಕಾ ಆತು."

ಮಂದಿ ಹೌದು ಹೌದು ಎಂದರು. ಆ ದಿನ ನನಗೆ ಬೇರೆ ಆಪರೇಷನ್ ಇರಲಿಲ್ಲ. ಕಾರು ಖಾಜಾ ಓಡಿಸುತ್ತಿದ್ದ. ನೆಪ ಹೇಳಲು ಒಂದೂ ಕಾರಣ ಉಳಿದಿರಲಿಲ್ಲ. ಒಂದೇ ಒಂದಿತ್ತು. ನಾನು ಎಲ್ಲಾ ಬಿಟ್ಟಿದ್ದೇನೆ ಎಂದು ಮಾಳಪ್ಪನಿಗೆ ಹೇಳಿದ್ದೆನಲ್ಲ. ಅವನೇ ಅದನ್ನು ನೆನೆದ.

"ಬ್ಯಾಡ್ರಿ ಯಜಮಾನ್ರ, ಸಾರ್ ಬಿಟ್ಟಾರ. ನನ್ನ ಸಲುವಾಗಿ ಅವ್ರ ಪಥ್ಯ ಕೆಡಿಸಬ್ಯಾಡ್ರಿ," ಎಂದು ಮುದುಕನಿಗೆ ಕೈಮುಗಿದ. ಮಗಳ ಸಂಬಂಧ ಮುರಿಯುವ ಹೊತ್ತಿನಲ್ಲಿ ಅವನು ನನ್ನ ಪಥ್ಯ ಕಾಯುತ್ತಿದ್ದ.

"ಇರ್ಲಿ ಮಾಳಪ್ಪ, ನಿನ್ನ ಮಗಳ ಸಲುವಾಗಿ," ಎಂದು ದೊಡ್ಡವನ ಹಾಗೆ ಕಟ್ಟೆ ಹತ್ತಿ ಕೂತೆ.

ಸವಾರಪ್ಪ ಒಂದು ಹಿಡಿ ಸಕ್ಕರೆಯನ್ನು ನನ್ನ ಬಾಯಿಗೆ ಹಾಕಿದ. ನಾನು ಅವನ ಬಾಯಿಗೆ ಹಾಕಿದೆ. ಆಮೇಲೆ ಸೇಂದಿ. ನಮ್ಮ ಕಡೆ ಇದನ್ನು ಲೋಟದಲ್ಲಿ ಕೊಡುವುದಿಲ್ಲ. ತಾಳೆ ಗರಿಯನ್ನು ಮಡಚಿ ದೋಣಿಯಂತೆ ಮಾಡಿ ಎರಡೂ ಕೈಯಲ್ಲಿ ಹಿಡಿಯಬೇಕು. ಒಂದು ತುದಿ ಬಾಯಲ್ಲಿ. ಇನ್ನೊಂದು ತುದಿಗೆ ಗಡಿಗೆಯಿಂದ ಸುರಿಯುತ್ತಾರೆ. ನಿಲ್ಲಿಸದೆ ನುಂಗಬೇಕು. ಹೊಸಬರಿಗೆ ಇದು ಬರುವುದಿಲ್ಲ. ಗರಿ ವಾಲುತ್ತದೆ, ನೊರೆ ಮೂಗಿಗೆ ಹೋಗುತ್ತದೆ, ಅರ್ಧ ಸೇಂದಿ ಅಂಗಿ ಕುಡಿಯುತ್ತದೆ. ಅಲ್ಲಿದ್ದವರೆಲ್ಲ ಅದನ್ನೇ ನೋಡಲು ಮುಂದೆ ಬಂದಿದ್ದರು. ಡಾಕ್ಟರ್ ಸಾಹೇಬರ ಬಿಳಿ ಅಂಗಿ ಒದ್ದೆಯಾಗುವುದನ್ನು ನೋಡುವ ಸಂಭ್ರಮ. ನಾನು ಬೇಕೆಂದೇ ಚೆಲ್ಲಿಕೊಳ್ಳಬೇಕಿತ್ತು. ಆಗ ಆ ಬುದ್ಧಿ ಹೊಳೆಯಲಿಲ್ಲ. ಗರಿ ಕೈಗೆ ಬಂದ ಕೂಡಲೇ ಕೈ ತನ್ನ ಕೆಲಸ ತಾನು ಮಾಡಿತು. ಹೆಬ್ಬೆರಳು ಅಂಚನ್ನು ಒತ್ತಿತು, ತುಟಿ ನೊರೆಯನ್ನು ಪಕ್ಕಕ್ಕೆ ಊದಿತು, ಗಂಟಲು ತೆರೆಯಿತು. ಗಡಿಗೆ ಹಿಡಿದವನು ಸುರಿಯುತ್ತಲೇ ಇದ್ದ. ಒಂದು ಹನಿ ಕೆಳಗೆ ಬೀಳಲಿಲ್ಲ. ಮುಗಿದ ಮೇಲೆ ಗರಿಯನ್ನು ಒಮ್ಮೆ ಝಾಡಿಸಿ ಸವಾರಪ್ಪನಿಗೆ ಕೊಟ್ಟೆ, ಅದೂ ಎಡಗೈಯಿಂದ ಬಾಯಿ ಒರೆಸಿಕೊಳ್ಳುತ್ತ.

ಆಮೇಲೆ ಹಿಂದಿನಿಂದ ಯಾರೋ, "ಸಾರ್‌ಗ ಇದು ಹೊಸಾದಲ್ಲ ಬಿಡ್ರೋ," ಎಂದ. ನಗು ಮತ್ತೆ ಎದ್ದಿತು. ಸವಾರಪ್ಪ ತನ್ನ ಪಾಲು ಕುಡಿದು ನನ್ನ ಬೆನ್ನು ತಟ್ಟಿದ. ಹೆಂಗಸರು ಮನೆಯ ಕಡೆ ಓಡಿ ಎಲೆ ಹಾಕಿದರು. ಸಂಬಂಧ ಕೂಡಿತು. ನಾನು ತಲೆ ಎತ್ತಿ ಮಾಳಪ್ಪನನ್ನು ನೋಡಲಿಲ್ಲ. ಎಲ್ಲರೂ ನಗುವಾಗ ಅವನು ನಗುತ್ತಿಲ್ಲ ಎಂಬುದು ನೋಡದೆಯೂ ಗೊತ್ತಾಗುತ್ತಿತ್ತು.

ಊಟಕ್ಕೆ ನಿಲ್ಲದೆ ಹೊರಟೆ. ಕಾರಿನ ತನಕ ಬಂದವನು ಮಾಳಪ್ಪನೊಬ್ಬನೇ. ಬಾಗಿಲು ತೆಗೆದು ಹಿಡಿದು, ಮೆಲ್ಲಗೆ ಹೇಳಿದ. "ಛಲೋ ಕುಡೀತೀರ್ರಿ ಸಾರ್. ನಮ್ಮ ಮಂದಿಗೂ ಇಷ್ಟು ಹದ ಬರಾಂಗಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಖಾಜಾ ಕನ್ನಡಿಯಲ್ಲಿ ನನ್ನನ್ನು ನೋಡಿ ರೇಡಿಯೋ ಬಂದ್ ಮಾಡಿದ.

ಮುಂದಿನ ತಿಂಗಳು ಮಾಳಪ್ಪ ತಪಾಸಣೆಗೆ ಬರುವ ದಿನ ನಾನು ಗದ್ವಾಲದಲ್ಲಿ ಕೆಲಸ ಹಚ್ಚಿಕೊಂಡೆ. ನಾನು ಕುಡಿಯುವುದನ್ನು ನೋಡಿದ ಮೇಲೆ ಅವನು ಪಥ್ಯ ಬಿಟ್ಟಿರುತ್ತಾನೆ, ಗಂಟು ಸಿಕ್ಕಿಹಾಕಿಕೊಂಡಿರುತ್ತದೆ, ರಕ್ತ ಕಾರುತ್ತಿರುತ್ತಾನೆ ಎಂದು ಹದಿನೈದು ದಿನ ನಿದ್ದೆಗೆಟ್ಟೆ. ನಾಚಿಕೆ ಆದಾಗ ಕುಡಿತ ಬಿಡುತ್ತಾರೆಂದು ಕೇಳಿದ್ದೆ. ನಾನು ಆ ದಿನಗಳಲ್ಲಿ ಎರಡು ಸಲ ಹೆಚ್ಚು ಕುಡಿದೆ. ಆದರೆ ಅವನು ಬಂದು ಹೋಗಿದ್ದ. ನರ್ಸ್ ಬರೆದಿಟ್ಟ ತೂಕ ಇನ್ನೂ ಇಳಿದಿತ್ತು. ಅವನು ಮಾತು ಕೊಟ್ಟಿದ್ದು ನನಗಲ್ಲವಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಎಂಬತ್ತಾರಕ್ಕೆ ಬಂದ. ಸಕ್ಕರೆ ಹಿಡಿತಕ್ಕೆ ಸಿಕ್ಕಿತ್ತು. ಫಿಟ್‌ನೆಸ್‌ಗೆ ಸಹಿ ಮಾಡಿದೆ. ಆಪರೇಷನ್ ದಿನ ಥಿಯೇಟರ್‌ನಲ್ಲಿ ಅವನನ್ನು ಮೇಜಿನ ಮೇಲೆ ಕೂರಿಸಿ, ಬೆನ್ನಿಗೆ ಸೂಜಿ ಹಾಕುವ ಮುಂಚೆ ನಾವು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದೆ. ನಿನ್ನೆಯಿಂದ ಏನು ತಿಂದಿದ್ದೀ, ಏನು ಕುಡಿದಿದ್ದೀ? ಹೊಟ್ಟೆ ಖಾಲಿ ಇಲ್ಲದಿದ್ದರೆ ಮತ್ತಿನಲ್ಲಿ ಜೀವ ಹೋಗಬಹುದು, ಅದಕ್ಕೇ ಈ ಪ್ರಶ್ನೆ.

"ನೀರು ಬಿಟ್ರ ಏನಿಲ್ರಿ. ಅದೂ ನಸಿಕಿನ್ಯಾಗ ನಿಲ್ಲಿಸೀನಿ," ಎಂದ. ಆಮೇಲೆ ಕುತ್ತಿಗೆ ತುಸು ಹೊರಳಿಸಿ ನನ್ನನ್ನು ನೋಡಿದ.

"ನೀವು, ಸಾರ್? ನಿನ್ನಿ ಏನ್ ಕುಡದೀರಿ?"

ಥಿಯೇಟರ್‌ನಲ್ಲಿ ಸರ್ಜನ್, ಇಬ್ಬರು ನರ್ಸ್ ಇದ್ದರು. ಸರ್ಜನ್ ಮಾಸ್ಕಿನ ಒಳಗೆ ಕೆಮ್ಮಿದರು. ರೋಗಿಗಳು ಹೀಗೆ ಕೇಳುವುದಿಲ್ಲ. ಆದರೆ ಯೋಚಿಸಿದರೆ, ಕೇಳಬೇಕಾದವನು ಅವನೇ. ಇನ್ನು ಎರಡು ತಾಸು ಅವನ ಉಸಿರು ನನ್ನ ಕೈಯಲ್ಲಿ ಇರುತ್ತದೆ. ಆ ಕೈ ಹೇಗೆ ಕುಡಿಯುತ್ತದೆ ಎಂದು ಅವನು ಕಣ್ಣಾರೆ ನೋಡಿದ್ದ. ಅಷ್ಟು ದಿನ ಹೆದರಿಕೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಅವನು ಹೆದರಿಕೊಂಡೇ ಬೆನ್ನು ಕೊಟ್ಟು ಕೂತಿದ್ದ.

"ನಿನ್ನಿ ಇಲ್ಲ ಮಾಳಪ್ಪ," ಎಂದೆ. ಅಲ್ಲಿಗೆ ನಿಲ್ಲಿಸಲು ಮನಸ್ಸಾಗಿತ್ತು. "ಮೊನ್ನಿ ಕುಡದೀನಿ. ಅವತ್ತು ನಿನ್ನ ಮುಂದ ಎಲ್ಲಾ ಬಿಟ್ಟೀನಿ ಅಂದಿದ್ದು ಸುಳ್ಳು."

"ಮೊನ್ನಿದು ನನಗ್ಯಾಕ್ರಿ. ನಿನ್ನಿ ಇಲ್ಲಲಾ?"

"ಇಲ್ಲ."

"ಹಂಗಾರ ಹಾಕ್ರಿ ಸೂಜಿ," ಎಂದು ಬೆನ್ನು ಬಾಗಿಸಿದ.

ಆಪರೇಷನ್ ಸರಿಯಾಗಿ ಆಯಿತು. ಐದನೆಯ ದಿನ ಮನೆಗೆ ಹೋದ. ಮಗಳ ಮದುವೆಗೆ ನನ್ನನ್ನೂ ಕರೆದಿದ್ದ, ಹೋಗಲಿಲ್ಲ. ಸೇಂದಿಯ ಗಡಿಗೆ ನೋಡಿದರೆ ಸವಾರಪ್ಪ ನನ್ನನ್ನು ಹುಡುಕುತ್ತಾನೆ ಎಂಬ ಭಯ.

ಅದಾದ ಮೇಲೆ ನಾನು ಯಾರಿಗೂ ಆಣೆ ಹಾಕಿಸಿಲ್ಲ. ಕಮ್ಮಿ ಮಾಡುತ್ತೇನೆ ಎಂದರೆ, ಮಾಡು, ಎಷ್ಟಾಗುತ್ತದೆ ನೋಡೋಣ ಎನ್ನುತ್ತೇನೆ. ಕೆಲವರು ಮಾಡುತ್ತಾರೆ, ಕೆಲವರು ಮಾಡುವುದಿಲ್ಲ. ನಾನು ಎಂಬತ್ತೊಂಬತ್ತಕ್ಕೆ ಬಂದು ಅಲ್ಲೇ ಕೂತಿದ್ದೇನೆ. ಚಹಾಕ್ಕೆ ಸಕ್ಕರೆ ಅರ್ಧ ಚಮಚ. ಮರುದಿನ ಕೆಲಸವಿದ್ದರೆ ಈಚಲ ವನದ ಹತ್ತಿರ ಕಾರು ನಿಲ್ಲಿಸಬಾರದೆಂದು ಖಾಜಾನಿಗೆ ಹೇಳಿದ್ದೇನೆ. ಅವನು ಆ ಆಜ್ಞೆಯನ್ನು ಪಾಲಿಸುವಷ್ಟು ಖುಷಿಯಿಂದ ನನ್ನ ಬೇರೆ ಯಾವ ಮಾತನ್ನೂ ಕೇಳಿಲ್ಲ.

ಸೂಜಿ ಹಿಡಿಯುವ ಮುಂಚೆ ಈಗ ನನ್ನ ಲೆಕ್ಕವನ್ನು ಮೊದಲು ಹೇಳುತ್ತೇನೆ. ನಿನ್ನೆ ನಾನು ಕುಡಿದಿಲ್ಲ, ಚೆನ್ನಾಗಿ ನಿದ್ದೆ ಮಾಡಿದ್ದೇನೆ, ಇನ್ನು ನಿನ್ನದು ಹೇಳು. ಬಹಳ ಜನ ಗಾಬರಿಯಾಗುತ್ತಾರೆ. ಗದ್ವಾಲದಲ್ಲಿ ಒಬ್ಬಾಕೆ, ಕುಡಿಯೋ ಡಾಕ್ಟರ್ ಬೇಡ ಎಂದು ಮೇಜಿನಿಂದ ಇಳಿದೇ ಹೋದಳು. ಸರ್ಜನ್ ನನ್ನ ಮೇಲೆ ರೇಗಿದರು. ನನಗೂ ಅವಮಾನವಾಯಿತು. ಆದರೆ ಹೋಗುವ ಹಕ್ಕು ಅವಳಿಗಿತ್ತು. ಮೈಯನ್ನು ಇನ್ನೊಬ್ಬರ ಕೈಗೆ ಕೊಡುವವರಿಗೆ ಆ ಕೈ ಎಂಥದ್ದೆಂದು ಕೇಳುವ ಹಕ್ಕಿದೆ. ಇಪ್ಪತ್ತು ವರ್ಷ ಎಲ್ಲರ ಫಿಟ್‌ನೆಸ್ ನೋಡಿದವನಿಗೆ ಅಷ್ಟು ತಿಳಿಯಲು ಒಬ್ಬ ರೋಗಿ ಬೆನ್ನು ತೋರಿಸಿ ಕೂತು ಕೇಳಬೇಕಾಯಿತು.